ವ್ಯಾಂಕೋಮೈಸಿನ್‌ಗೆ ಮಣಿಯದ ಸ್ಟಾಫಿಲೋಕಾಕಸ್: ಒಂದೇ ದೇಹದಲ್ಲಿ ಮೂರು ತಿಂಗಳಲ್ಲಿ ಬದಲಾದ ಪ್ರೋಟೀನ್‌ಗಳ ಪ್ರಕರಣ ಅಧ್ಯಯನ

2000ನೇ ಇಸವಿಯಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಹೃದಯದ ಒಳಪದರಕ್ಕೆ ತಗುಲಿದ ಸೋಂಕಿಗಾಗಿ, ಅಂದರೆ ಎಂಡೋಕಾರ್ಡೈಟಿಸ್‌ಗಾಗಿ, ಚಿಕಿತ್ಸೆ ಪಡೆಯುತ್ತಿದ್ದ ರೋಗಿಯೊಬ್ಬರ ರಕ್ತದಿಂದ ಸ್ಟಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ಒಂದು ಸಲವಲ್ಲ, ಹಲವು ಸಲ ಬೇರ್ಪಡಿಸಿ ಕಾಯ್ದಿರಿಸಲಾಯಿತು. ಮೊದಲ ಮಾದರಿಗೆ ಜೆಎಚ್1 ಎಂದೂ ಸುಮಾರು ಮೂರು ತಿಂಗಳ ನಂತರ ಸಿಕ್ಕ ಕೊನೆಯ ಮಾದರಿಗೆ ಜೆಎಚ್9 ಎಂದೂ ಹೆಸರಿಡಲಾಯಿತು. ಈ ಅವಧಿಯಲ್ಲಿ ರೋಗಿಗೆ ಮುಖ್ಯವಾಗಿ ವ್ಯಾಂಕೋಮೈಸಿನ್, ಅದರೊಂದಿಗೆ ರಿಫಾಂಪಿಸಿನ್ ಮತ್ತು ಇಮಿಪೆನೆಮ್ ಎಂಬ ಪ್ರತಿಜೀವಕಗಳನ್ನು ಕೊಡಲಾಗಿತ್ತು. ಚಿಕಿತ್ಸೆ ಕೈಗೂಡಲಿಲ್ಲ. ಆದರೆ ಶೀತಕದಲ್ಲಿ ಉಳಿದ ಮಾದರಿಗಳು ಏಳು ವರ್ಷಗಳ ನಂತರ ಬೇರೊಂದು ಕೆಲಸಕ್ಕೆ ಬಂದವು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಮಾಸ್ ಮತ್ತು ಅವರ ಸಹೋದ್ಯೋಗಿಗಳು ಮೊದಲ ಹಾಗೂ ಕೊನೆಯ ಮಾದರಿಗಳ ಇಡೀ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಸುಮಾರು 29 ಲಕ್ಷ ಅಕ್ಷರಗಳ ಆ ಜೀನೋಮಿನಲ್ಲಿ ಅವರಿಗೆ ಸಿಕ್ಕಿದ್ದು 31 ಜಾಗಗಳಲ್ಲಿ ಹರಡಿಕೊಂಡ 35 ಅಕ್ಷರಗಳ ವ್ಯತ್ಯಾಸ ಮಾತ್ರ. ಹೊಸ ಜೀನ್ ಯಾವುದೂ ಹೊರಗಿನಿಂದ ಬಂದಿರಲಿಲ್ಲ. ಪ್ರತಿಜೀವಕವನ್ನು ಕತ್ತರಿಸುವ ಹೊಸ ಕಿಣ್ವವೂ ಹುಟ್ಟಿಕೊಂಡಿರಲಿಲ್ಲ. ಹೀಗಿದ್ದೂ ವ್ಯಾಂಕೋಮೈಸಿನ್‌ನ ಕನಿಷ್ಠ ತಡೆ ಪ್ರಮಾಣ, ಅಂದರೆ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ನಿಲ್ಲಿಸಲು ಬೇಕಾಗುವ ಅತಿ ಕಡಿಮೆ ಔಷಧದ ಸಾಂದ್ರತೆ, ಮಿಲಿಲೀಟರಿಗೆ 1 ಮೈಕ್ರೋಗ್ರಾಂನಿಂದ 8 ಮೈಕ್ರೋಗ್ರಾಂಗೆ ಏರಿತ್ತು. ರಿಫಾಂಪಿಸಿನ್‌ನದು 0.012ರಿಂದ 16ಕ್ಕೆ ಜಿಗಿದಿತ್ತು. ರೋಗಿಗೆ ಕೊಟ್ಟೇ ಇರದ ಡ್ಯಾಪ್ಟೋಮೈಸಿನ್ ಎಂಬ ಔಷಧದ ವಿಷಯದಲ್ಲೂ ಬ್ಯಾಕ್ಟೀರಿಯಾದ ಸಂವೇದನೆ ನೂರು ಪಟ್ಟು ಕುಗ್ಗಿತ್ತು. ಈ ಮೂರು ಅಂಕಿಗಳ ಹಿಂದೆ ಯಾವ ಪ್ರೋಟೀನ್‌ಗಳು ಹೇಗೆ ಬದಲಾಗಿದ್ದವು ಎಂಬುದೇ ಈ ಬರಹದ ವಿಷಯ. ಪ್ರತಿಜೀವಕ ನಿರೋಧಕತೆ ಎಂದಾಗ ಔಷಧವನ್ನು ನಾಶಮಾಡುವ ಆಯುಧವೊಂದನ್ನು ಬ್ಯಾಕ್ಟೀರಿಯಾ ಸಂಪಾದಿಸಿಕೊಂಡಿತೆಂಬ ಚಿತ್ರವೇ ನಮ್ಮ ಮನಸ್ಸಿಗೆ ಮೊದಲು ಬರುತ್ತದೆ. ಈ ಪ್ರಕರಣ ಆ ಚಿತ್ರಕ್ಕೆ ಹೊಂದುವುದಿಲ್ಲ. ಇಲ್ಲಿ ಬ್ಯಾಕ್ಟೀರಿಯಾ ತನ್ನಲ್ಲಿ ಮೊದಲೇ ಇದ್ದ ಪ್ರೋಟೀನ್‌ಗಳ ಆಕಾರವನ್ನು ಒಂದೆರಡು ಕಡೆ ತಿದ್ದಿಕೊಂಡು, ಉಳಿದವುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಕೊಂಡೇ ಬದುಕಿತು.

ಆರಂಭದ ಸ್ಥಿತಿ

ಜೆಎಚ್1 ಮೊದಲಿನಿಂದಲೂ ಸಾಧು ಬ್ಯಾಕ್ಟೀರಿಯಾ ಆಗಿರಲಿಲ್ಲ. ಅದು ಪೆನಿಸಿಲಿನ್ ಕುಟುಂಬದ ಮೆಥಿಸಿಲಿನ್‌ಗೆ ಮಣಿಯದ ಎಮ್‌ಆರ್‌ಎಸ್‌ಎ ಗುಂಪಿಗೆ ಸೇರಿತ್ತು, ಆದ್ದರಿಂದಲೇ ವೈದ್ಯರು ವ್ಯಾಂಕೋಮೈಸಿನ್ ಆರಿಸಿಕೊಳ್ಳಬೇಕಾಯಿತು. ಪೆನಿಸಿಲಿನ್ ಕುಟುಂಬದ ಔಷಧಗಳು ಕೋಶಭಿತ್ತಿಯನ್ನು ಹೆಣೆಯುವ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುತ್ತವೆ. ಪೆನಿಸಿಲಿನ್ ಹಿಡಿಯುವುದರಿಂದ ಈ ಕಿಣ್ವಗಳಿಗೆ ಪಿಬಿಪಿ ಎಂಬ ಹೆಸರು ಬಂದಿದೆ. ಎಮ್‌ಆರ್‌ಎಸ್‌ಎ ಬ್ಯಾಕ್ಟೀರಿಯಾದಲ್ಲಿ ಮೆಕ್-ಎ ಎಂಬ ಜೀನ್ ತಯಾರಿಸುವ ಪಿಬಿಪಿ2ಎ ಎಂಬ ಹೆಚ್ಚುವರಿ ಕಿಣ್ವವಿರುತ್ತದೆ. ಅದರ ಕ್ರಿಯಾಸ್ಥಾನ ಬಾಗಿಲು ಮುಚ್ಚಿದ ಕೋಣೆಯಂತಿರುವುದರಿಂದ ಪೆನಿಸಿಲಿನ್ ಕುಟುಂಬದ ಅಣು ಒಳಗೆ ನುಸುಳಿ ಅಂಟಿಕೊಳ್ಳುವುದು ಬಹಳ ನಿಧಾನವಾಗುತ್ತದೆ, ಉಳಿದ ಪಿಬಿಪಿಗಳು ಸ್ತಬ್ಧವಾದರೂ ಇದು ಭಿತ್ತಿಯ ಹೆಣಿಗೆಯನ್ನು ಮುಂದುವರಿಸುತ್ತದೆ. ಹೊರಗಿನಿಂದ ಬಂದು ಸೇರಿದ ಪ್ರೋಟೀನ್‌ಗೆ ಇದು ಒಳ್ಳೆಯ ಉದಾಹರಣೆ. ಮೆಥಿಸಿಲಿನ್ ಬಳಕೆಗೆ ಬಂದು ಎರಡು ವರ್ಷ ಕಳೆಯುವುದರೊಳಗೆ, 1961ರಲ್ಲೇ, ಬ್ರಿಟನ್ನಿನಲ್ಲಿ ಇಂತಹ ಬ್ಯಾಕ್ಟೀರಿಯಾ ವರದಿಯಾಗಿತ್ತು.

ವ್ಯಾಂಕೋಮೈಸಿನ್‌ನ ಬಗೆಯೇ ಬೇರೆ. ಅದು ಕಿಣ್ವದ ಗೊಡವೆಗೆ ಹೋಗುವುದಿಲ್ಲ. ಕಿಣ್ವ ಬಳಸಬೇಕಾದ ಇಟ್ಟಿಗೆಯನ್ನೇ ಹಿಡಿದುಕೊಳ್ಳುತ್ತದೆ. ಕೋಶಭಿತ್ತಿಯ ಪ್ರತಿಯೊಂದು ಹೊಸ ಘಟಕದಲ್ಲಿಯೂ ಐದು ಅಮೈನೋ ಆಮ್ಲಗಳ ಒಂದು ಬಾಲವಿದ್ದು, ಅದರ ತುದಿಯಲ್ಲಿ ಡಿ-ಅಲನಿನ್ ಎಂಬುದು ಎರಡು ಸಲ ಬರುತ್ತದೆ. ವ್ಯಾಂಕೋಮೈಸಿನ್ ಐದು ಹೈಡ್ರೋಜನ್ ಬಂಧಗಳ ಮೂಲಕ ಈ ತುದಿಯನ್ನು ಬಿಗಿಯಾಗಿ ಹಿಡಿದಾಗ, ಘಟಕವನ್ನು ಸರಪಳಿಗೆ ಜೋಡಿಸುವುದಕ್ಕೂ ಪಕ್ಕದ ಸರಪಳಿಗೆ ಕಟ್ಟುವುದಕ್ಕೂ ಪಿಬಿಪಿಗೆ ಆಗುವುದಿಲ್ಲ. ಗುರಿ ಪ್ರೋಟೀನ್ ಆಗಿದ್ದರೆ ಜೀನಿನ ಒಂದು ಅಕ್ಷರ ಬದಲಾದರೂ ಗುರಿಯ ಆಕಾರ ಬದಲಾಗಬಹುದಿತ್ತು. ಇಲ್ಲಿಯ ಗುರಿ ಪ್ರೋಟೀನ್ ಅಲ್ಲ, ಹಲವು ಕಿಣ್ವಗಳು ಸೇರಿ ತಯಾರಿಸುವ ಸಣ್ಣ ಅಣು. ಅದನ್ನು ಬದಲಿಸಬೇಕಾದರೆ ತಯಾರಿಕೆಯ ದಾರಿಯನ್ನೇ ಬದಲಿಸಬೇಕು. 1958ರಲ್ಲಿ ಬಳಕೆಗೆ ಬಂದ ಈ ಔಷಧಕ್ಕೆ ಸ್ಟಾಫಿಲೋಕಾಕಸ್ ದಶಕಗಳ ಕಾಲ ತಲೆಬಾಗಿದ್ದಕ್ಕೆ ಇದೂ ಒಂದು ಕಾರಣ.

ಆ ದಾರಿಯನ್ನೇ ಬದಲಿಸಿದ ಬ್ಯಾಕ್ಟೀರಿಯಾಗಳೂ ಇವೆ. 2002ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಸಿಕ್ಕ ಸ್ಟಾಫಿಲೋಕಾಕಸ್ ಒಂದು ಎಂಟರೋಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾದ ವ್ಯಾನ್-ಎ ಜೀನ್‌ಗಳ ಗುಚ್ಛವನ್ನು ಪಡೆದುಕೊಂಡಿತ್ತು. ಆ ಗುಚ್ಛದ ಒಂದು ಕಿಣ್ವ ಡಿ-ಲ್ಯಾಕ್ಟೇಟ್ ತಯಾರಿಸುತ್ತದೆ, ಇನ್ನೊಂದು ಅದನ್ನು ಡಿ-ಅಲನಿನ್‌ಗೆ ಜೋಡಿಸುತ್ತದೆ, ಮೂರನೆಯದು ಹಳೆಯ ಬಗೆಯ ಜೋಡಿಯನ್ನು ಕಡಿದುಹಾಕುತ್ತದೆ. ಐದು ಹೈಡ್ರೋಜನ್ ಬಂಧಗಳಲ್ಲಿ ಒಂದು ತಪ್ಪಿಹೋಗಿ, ವ್ಯಾಂಕೋಮೈಸಿನ್‌ನ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಗುತ್ತದೆ. ಆ ಬ್ಯಾಕ್ಟೀರಿಯಾದ ಕನಿಷ್ಠ ತಡೆ ಪ್ರಮಾಣ 1,024 ಮೈಕ್ರೋಗ್ರಾಂ ಇತ್ತು. ನಮ್ಮ ಪ್ರಕರಣದ 8 ಎಂಬ ಅಂಕಿಯನ್ನು ಇದರ ಪಕ್ಕದಲ್ಲಿಟ್ಟರೆ ಎರಡೂ ಬೇರೆ ಬೇರೆ ಜಾತಿಯ ಘಟನೆಗಳೆಂದು ತಿಳಿಯುತ್ತದೆ. ಜೆಎಚ್9ರಲ್ಲಿ ಇಟ್ಟಿಗೆಯ ಆಕಾರ ಹಾಗೆಯೇ ಇತ್ತು, ವ್ಯಾಂಕೋಮೈಸಿನ್ ಅದನ್ನು ಮೊದಲಿನಷ್ಟೇ ಬಿಗಿಯಾಗಿ ಹಿಡಿಯಬಲ್ಲದಾಗಿತ್ತು. ಬದಲಾದದ್ದು ಅದರ ಸುತ್ತಲಿನ ಏರ್ಪಾಡು. ಇಂತಹವನ್ನು ಪೂರ್ಣ ನಿರೋಧಕ ಎನ್ನದೆ ಮಧ್ಯಮ ಸಂವೇದನೆಯವು ಎಂದು ಕರೆದು, ಆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವೀಸಾ ಎಂದು ಗುರುತಿಸುತ್ತಾರೆ. ಆದರೆ ಹಾಸಿಗೆ ಹಿಡಿದ ರೋಗಿಯ ಪಾಲಿಗೆ ಈ ಮಧ್ಯಮ ಎಂಬ ವಿಶೇಷಣದಿಂದ ಯಾವ ಸಮಾಧಾನವೂ ಇರಲಿಲ್ಲ.

ಮೊದಲ ಜಿಗಿತ: ರಿಫಾಂಪಿಸಿನ್

ಪ್ರೋಟೀನ್ ಬದಲಾವಣೆಯನ್ನು ಅತ್ಯಂತ ಸ್ಪಷ್ಟವಾಗಿ ನೋಡಬೇಕೆಂದರೆ ರಿಫಾಂಪಿಸಿನ್‌ನಿಂದ ಆರಂಭಿಸಬೇಕು. ಈ ಔಷಧ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದ ಬೀಟಾ ಘಟಕಕ್ಕೆ ಅಂಟಿಕೊಳ್ಳುತ್ತದೆ. ಆ ಘಟಕವನ್ನು ಬರೆಯುವ ಜೀನ್‌ನ ಹೆಸರು ಆರ್‌ಪೋ-ಬಿ. ಕಿಣ್ವ ಆರ್‌ಎನ್‌ಎ ಎಳೆಯನ್ನು ನೇಯಲು ತೊಡಗಿ ಎರಡು ಮೂರು ಅಕ್ಷರ ಜೋಡಿಸುವಷ್ಟರಲ್ಲಿ ಎಳೆಯ ತುದಿ ಹೊರಹೋಗಬೇಕಾದ ಹಾದಿಗೆ ರಿಫಾಂಪಿಸಿನ್ ಅಡ್ಡ ಕುಳಿತಿರುತ್ತದೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ. 2001ರಲ್ಲಿ ಈ ಕಿಣ್ವದ ಮೂರು ಆಯಾಮದ ರಚನೆ ಔಷಧದ ಸಮೇತ ಬಯಲಾದಾಗ ಈ ಅಡ್ಡಗಟ್ಟುವಿಕೆ ಕಣ್ಣಿಗೆ ಕಾಣುವಂತಾಯಿತು.

ಔಷಧ ಕುಳಿತುಕೊಳ್ಳುವ ಆ ಗುಳಿಯ ಅಂಚಿನಲ್ಲಿರುವ ಅಮೈನೋ ಆಮ್ಲಗಳು ಹೆಚ್ಚಾಗಿ ಬೀಟಾ ಘಟಕದ ಒಂದು ಚಿಕ್ಕ ಭಾಗದಿಂದಲೇ ಬಂದವು. ಸುಮಾರು 1,180 ಅಮೈನೋ ಆಮ್ಲಗಳ ಸರಪಳಿಯಲ್ಲಿ ನಿರೋಧಕತೆ ತರುವ ಬದಲಾವಣೆಗಳಲ್ಲಿ ಬಹುಪಾಲು ಇಪ್ಪತ್ತೇಳು ಸ್ಥಾನಗಳ ಒಂದು ತುಣುಕಿನೊಳಗೆ ಬೀಳುತ್ತವೆ. ಸ್ಟಾಫಿಲೋಕಾಕಸ್‌ನಲ್ಲಿ ಮತ್ತೆ ಮತ್ತೆ ಕಾಣುವ ಬದಲಾವಣೆಯೊಂದರಲ್ಲಿ 481ನೇ ಸ್ಥಾನದ ಹಿಸ್ಟಿಡಿನ್ ಹೋಗಿ ಟೈರೋಸಿನ್ ಬಂದು ಕೂರುತ್ತದೆ. ಡಿಎನ್‌ಎ ಮಟ್ಟದಲ್ಲಿ ಇದಕ್ಕೆ ಒಂದೇ ಒಂದು ಅಕ್ಷರ ಬದಲಾದರೆ ಸಾಕು. ಹಿಸ್ಟಿಡಿನ್‌ನ ಸಣ್ಣ ಉಂಗುರವಿದ್ದ ಜಾಗದಲ್ಲಿ ಟೈರೋಸಿನ್‌ನ ದೊಡ್ಡ ಉಂಗುರ ಬಂದೊಡನೆ ರಿಫಾಂಪಿಸಿನ್‌ಗೆ ಕೂರಲು ಜಾಗವಿಲ್ಲ, ಆದರೆ ಆರ್‌ಎನ್‌ಎ ನೇಯುವ ಕ್ರಿಯಾಸ್ಥಾನ ಅಲ್ಲಿಂದ ಸ್ವಲ್ಪ ದೂರವಿರುವುದರಿಂದ ಕಿಣ್ವದ ಕೆಲಸ ನಡೆದುಹೋಗುತ್ತದೆ. ಕನಿಷ್ಠ ತಡೆ ಪ್ರಮಾಣ ಒಂದೇ ಹೆಜ್ಜೆಯಲ್ಲಿ ಸಾವಿರ ಪಟ್ಟು ಏರಲು ಇಷ್ಟು ಸಾಕು. ಈ ಪ್ರಕರಣದಲ್ಲಿಯೂ ಆರ್‌ಪೋ-ಬಿ ಬದಲಾಗಿತ್ತು, ಮತ್ತು ಅದು ಕೊನೆಯ ಮಾದರಿಗೆ ಬಹಳ ಮುಂಚೆಯೇ ಕಾಣಿಸಿಕೊಂಡಿತ್ತು.

ಇದು ದುರದೃಷ್ಟವೇ ಎಂದು ಕೇಳಿದರೆ, ಅಲ್ಲವೆಂದೇ ಲೆಕ್ಕ ಹೇಳುತ್ತದೆ. ಹೃದಯದ ಕವಾಟಕ್ಕೆ ಅಂಟಿಕೊಳ್ಳುವ ಫೈಬ್ರಿನ್ ಮತ್ತು ಪ್ಲೇಟ್‌ಲೆಟ್‌ಗಳ ಗುಡ್ಡೆಯಲ್ಲಿ, ವೈದ್ಯರು ವೆಜಿಟೇಶನ್ ಎನ್ನುವ ಆ ರಚನೆಯಲ್ಲಿ, ಪ್ರತಿ ಗ್ರಾಂಗೆ ನೂರು ಕೋಟಿ ಅಥವಾ ಅದಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಇರಬಹುದು. ರಿಫಾಂಪಿಸಿನ್‌ಗೆ ಮಣಿಯದ ಕೋಶ ತಾನಾಗಿ ಹುಟ್ಟುವುದು ಸುಮಾರು ಒಂದು ಕೋಟಿಯಿಂದ ಹತ್ತು ಕೋಟಿ ಕೋಶಗಳಿಗೆ ಒಂದು. ಹಾಗಾದರೆ ಔಷಧದ ಮೊದಲ ಹನಿ ರಕ್ತಕ್ಕೆ ಸೇರುವ ಮೊದಲೇ ಆ ಗುಡ್ಡೆಯಲ್ಲಿ ಹತ್ತಾರು ನಿರೋಧಕ ಕೋಶಗಳು ಕಾದಿರುತ್ತವೆ. ಔಷಧ ಅವುಗಳನ್ನು ಸೃಷ್ಟಿಸುವುದಿಲ್ಲ, ಅವುಗಳ ನೆರೆಹೊರೆಯವರನ್ನು ಕೊಂದು ಜಾಗ ಖಾಲಿ ಮಾಡಿಕೊಡುತ್ತದೆ. ರಿಫಾಂಪಿಸಿನ್ ಒಂದನ್ನೇ ಕೊಡಬಾರದು, ಜೊತೆಗೆ ಇನ್ನೊಂದು ಪ್ರಬಲ ಔಷಧವಿರಬೇಕು ಎಂಬ ನಿಯಮ ಈ ಲೆಕ್ಕದಿಂದಲೇ ಬಂದದ್ದು. ಇಲ್ಲಿಯೂ ಜೊತೆಗಾರ ಇತ್ತು. ಆದರೆ ವ್ಯಾಂಕೋಮೈಸಿನ್ ನಿಧಾನವಾಗಿ ಕೊಲ್ಲುವ ದೊಡ್ಡ ಅಣು, ದಟ್ಟವಾದ ಗುಡ್ಡೆಯ ಒಳಭಾಗವನ್ನು ಅದು ಸರಿಯಾಗಿ ತಲುಪದೆ ಹೋದರೆ ಅಲ್ಲಿರುವ ಕೋಶಗಳ ಪಾಲಿಗೆ ರಿಫಾಂಪಿಸಿನ್ ಒಂಟಿಯೇ.

ಇದೇ ಲೆಕ್ಕವನ್ನು ಇನ್ನೂ ಒಂದು ಹೆಜ್ಜೆ ಮುಂದುವರಿಸಬಹುದು. ಬ್ಯಾಕ್ಟೀರಿಯಾ ತನ್ನ ಜೀನೋಮನ್ನು ನಕಲು ಮಾಡುವಾಗ ಸುಮಾರು ಮುನ್ನೂರು ವಿಭಜನೆಗಳಿಗೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ನೂರು ಕೋಟಿ ಕೋಶಗಳು ಒಮ್ಮೆ ಒಡೆದರೆ ಮೂವತ್ತು ಲಕ್ಷಕ್ಕೂ ಹೆಚ್ಚು ಹೊಸ ತಪ್ಪುಗಳು ಹುಟ್ಟುತ್ತವೆ. 29 ಲಕ್ಷ ಅಕ್ಷರಗಳಲ್ಲಿ ಪ್ರತಿಯೊಂದೂ ಮೂರು ಬಗೆಯಲ್ಲಿ ಬದಲಾಗಬಲ್ಲದು ಎಂದರೆ ಒಟ್ಟು ಸಾಧ್ಯತೆಗಳು ಸುಮಾರು 87 ಲಕ್ಷ. ಕೆಲವೇ ತಲೆಮಾರುಗಳಲ್ಲಿ ಆ ಗುಡ್ಡೆ ತನ್ನ ಜೀನೋಮಿನ ಹೆಚ್ಚುಕಡಿಮೆ ಎಲ್ಲ ಒಂಟಿ ಬದಲಾವಣೆಗಳನ್ನೂ ಎಲ್ಲೋ ಒಂದು ಕಡೆ ಪ್ರಯೋಗಿಸಿ ನೋಡಿರುತ್ತದೆ. ಮೂರು ತಿಂಗಳು ಬಹಳ ದೀರ್ಘ ಕಾಲ.

ಎರಡನೆಯ ದಾರಿ: ಮೇಸ್ತ್ರಿ ಬದಲಾದಾಗ

ವ್ಯಾಂಕೋಮೈಸಿನ್‌ನ ವಿಷಯದಲ್ಲಿ ಒಂದೇ ಜಿಗಿತವಿರಲಿಲ್ಲ. ಹನಿಗೂಡಿ ಹಳ್ಳವೆಂಬಂತೆ, ನಡುವಿನ ಮಾದರಿಗಳಲ್ಲಿ ಬದಲಾವಣೆಗಳು ಒಂದರ ಹಿಂದೆ ಒಂದು ಸೇರುತ್ತ ಹೋದಂತೆ ನಿರೋಧಕತೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಎರಡನೆಯ ಮಾದರಿ ಜೆಎಚ್2ರಲ್ಲಿಯೇ ಪ್ರಮಾಣ 4ಕ್ಕೆ ತಲುಪಿತ್ತು. 31 ಜಾಗಗಳ ಪಟ್ಟಿಯಲ್ಲಿ ಸಂಶೋಧಕರ ಗಮನ ಹೆಚ್ಚಾಗಿ ನಿಂತದ್ದು ವ್ರಾ-ಆರ್ ಎಂಬ ಪ್ರೋಟೀನ್ ಇರುವ ಜೀನ್‌ಗಳ ಗುಂಪಿನ ಮೇಲೆ.

ವ್ರಾ-ಆರ್ ಕೋಶಭಿತ್ತಿಯನ್ನು ಕಟ್ಟುವುದಿಲ್ಲ, ಕಟ್ಟಿಸುತ್ತದೆ. ಅದರ ಜೋಡಿ ಪ್ರೋಟೀನ್ ವ್ರಾ-ಎಸ್ ಕೋಶಪೊರೆಯಲ್ಲಿ ಕುಳಿತು ಭಿತ್ತಿಯ ಕೆಲಸಕ್ಕೆ ಧಕ್ಕೆ ಬಂದಿದೆಯೇ ಎಂದು ಕಾಯುತ್ತದೆ. ಧಕ್ಕೆ ಬಂದ ಸೂಚನೆ ಸಿಕ್ಕೊಡನೆ ಅದು ತನ್ನ ಮೇಲೆ ಒಂದು ಫಾಸ್ಫೇಟ್ ಗುಂಪನ್ನು ಏರಿಸಿಕೊಂಡು ಆ ಗುಂಪನ್ನು ವ್ರಾ-ಆರ್‌ಗೆ ದಾಟಿಸುತ್ತದೆ. ಫಾಸ್ಫೇಟ್ ಪಡೆದ ಎರಡು ವ್ರಾ-ಆರ್ ಅಣುಗಳು ಜೋಡಿಯಾಗಿ ಡಿಎನ್‌ಎಯ ನಿಗದಿತ ಜಾಗಗಳನ್ನು ಹಿಡಿದು ಅಲ್ಲಿಯ ಜೀನ್‌ಗಳನ್ನು ಚುರುಕುಗೊಳಿಸುತ್ತವೆ. ಎನ್315 ಎಂಬ ತಳಿಯ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಂಕೋಮೈಸಿನ್ ತಗುಲಿದಾಗ ಚುರುಕಾಗುವ 139 ಜೀನ್‌ಗಳಲ್ಲಿ 46 ಈ ಜೋಡಿಯ ಆಜ್ಞೆಗೆ ಒಳಪಟ್ಟಿವೆಯೆಂದು ತಿಳಿದುಬಂತು. ಭಿತ್ತಿಯ ಘಟಕಗಳನ್ನು ಹೆಣೆಯುವ ಪಿಬಿಪಿ2, ಆ ಘಟಕಗಳ ತಯಾರಿಕೆಯ ಆರಂಭದ ಹೆಜ್ಜೆಯ ಮರ್-ಜೆಡ್ ಕಿಣ್ವ, ಸರಪಳಿಯನ್ನು ಬೆಳೆಸುವ ಎಸ್‌ಜಿಟಿ-ಬಿ ಇವೆಲ್ಲ ಅದರಲ್ಲಿ ಸೇರಿವೆ.

ಇದನ್ನು ಗಾರೆ ಕೆಲಸದ ಮೇಸ್ತ್ರಿಗೆ ಹೋಲಿಸುವುದು ತಪ್ಪಾಗಲಾರದು. ಸಾಮಾನ್ಯವಾಗಿ ಮೇಸ್ತ್ರಿ ಗೋಡೆ ಬಿರುಕು ಬಿಟ್ಟಾಗ ಮಾತ್ರ ಹೆಚ್ಚು ಆಳುಗಳನ್ನು ಕರೆಯುತ್ತಾನೆ. ಅವನ ಸ್ವಭಾವವೇ ಬದಲಾಗಿ, ಬಿರುಕಿಲ್ಲದಾಗಲೂ ಆಳುಗಳನ್ನು ಕರೆಯುತ್ತಲೇ ಇದ್ದರೆ ಗೋಡೆ ದಪ್ಪವಾಗುತ್ತ ಹೋಗುತ್ತದೆ. ಆಳುಗಳಲ್ಲಿ ಯಾರೂ ಬದಲಾಗಿಲ್ಲ. ಪಿಬಿಪಿ2ರ ಅಮೈನೋ ಆಮ್ಲಗಳ ಅನುಕ್ರಮವನ್ನು ಓದಿದರೆ ಅದು ಮೊದಲಿನಂತೆಯೇ ಇರುತ್ತದೆ, ಪ್ರಮಾಣ ಮಾತ್ರ ಹೆಚ್ಚಿರುತ್ತದೆ. ರಿಫಾಂಪಿಸಿನ್‌ನ ಕಥೆಗೂ ವ್ಯಾಂಕೋಮೈಸಿನ್‌ನ ಕಥೆಗೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ. ಮೊದಲನೆಯದರಲ್ಲಿ ಬದಲಾದ ಪ್ರೋಟೀನೇ ನಿರೋಧಕತೆಯ ಪ್ರೋಟೀನ್. ಎರಡನೆಯದರಲ್ಲಿ ಬದಲಾದ ಪ್ರೋಟೀನ್ ಒಂದು, ನಿರೋಧಕತೆಯನ್ನು ಹೊತ್ತ ಪ್ರೋಟೀನ್‌ಗಳು ಬೇರೆ ಹತ್ತಾರು, ಮತ್ತು ಆ ಹತ್ತಾರರಲ್ಲಿ ಒಂದರ ಜೀನಿನಲ್ಲಿಯೂ ತಿದ್ದುಪಡಿ ಕಾಣದೆ ಇರಬಹುದು.

ವ್ರಾ-ಆರ್ ಗುಂಪಿನ ಬದಲಾವಣೆ ಈ ಒಬ್ಬ ರೋಗಿಯ ಬ್ಯಾಕ್ಟೀರಿಯಾದಲ್ಲಿ ಮಾತ್ರ ಸಿಕ್ಕಿದ್ದರೆ ಅದನ್ನು ಕಾಕತಾಳೀಯವೆಂದು ತಳ್ಳಿಹಾಕಬಹುದಿತ್ತು. ಮೂವತ್ತೈದು ಬದಲಾವಣೆಗಳಲ್ಲಿ ಕೆಲವು ನಿಜವಾದ ಕಾರಣಗಳಾಗಿದ್ದು, ಇನ್ನು ಕೆಲವು ಅದೇ ಕೋಶದಲ್ಲಿ ಇದ್ದವೆಂಬ ಒಂದೇ ಕಾರಣಕ್ಕೆ ಗೆದ್ದವರ ಜೊತೆ ಸಾಗಿಬಂದ ಪ್ರಯಾಣಿಕರಾಗಿರುತ್ತವೆ, ಪಟ್ಟಿಯನ್ನು ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಆದ್ದರಿಂದಲೇ ಟೊಮಾಸ್ ಅವರ ತಂಡ ಬೇರೆ ಊರುಗಳಲ್ಲಿ, ಬೇರೆ ವಂಶಗಳಿಂದ ಬಂದ ವೀಸಾ ಮಾದರಿಗಳಲ್ಲಿ ಇದೇ ಗುಂಪಿನ ಜೀನ್‌ಗಳನ್ನು ಓದಿತು. ಅವುಗಳಲ್ಲಿ ಆರು ಮಾದರಿಗಳಲ್ಲಿ ಬದಲಾವಣೆ ಸಿಕ್ಕಿತು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬ್ಯಾಕ್ಟೀರಿಯಾಗಳು ಒಂದೇ ಔಷಧದ ಒತ್ತಡಕ್ಕೆ ಸಿಕ್ಕಿ ಒಂದೇ ಮೇಸ್ತ್ರಿಯನ್ನು ತಿದ್ದಿದ್ದವು. ಇಡೀ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸಿದ ಸಾಕ್ಷ್ಯ ಇದು. ನಂತರದ ವರ್ಷಗಳಲ್ಲಿ ಬೇರೆ ವೀಸಾ ಮಾದರಿಗಳಲ್ಲಿ ಗ್ರಾ-ಆರ್ ಮತ್ತು ವಾಲ್-ಕೆ, ವಾಲ್-ಆರ್ ಎಂಬ ಇನ್ನಿತರ ನಿಯಂತ್ರಕಗಳಲ್ಲೂ ಒಂಟಿ ಅಕ್ಷರದ ಬದಲಾವಣೆಗಳು ಸಿಕ್ಕವು. ಅವುಗಳಲ್ಲಿ ವಾಲ್ ಜೋಡಿ ಭಿತ್ತಿಯನ್ನು ಕರಗಿಸುವ ಕಿಣ್ವಗಳ ಮೇಲೆ ಹಿಡಿತವಿಟ್ಟಿರುತ್ತದೆ.

ಆರ್‌ಪೋ-ಬಿಗೂ ಇಲ್ಲಿ ಇನ್ನೊಂದು ಪಾತ್ರವಿರಬಹುದು. ಅದೇ ಪಾಲಿಮರೇಸ್ ಕೋಶದ ಎಲ್ಲ ಜೀನ್‌ಗಳನ್ನೂ ಓದುತ್ತದೆ ಎಂಬುದನ್ನು ಮರೆಯಬಾರದು. ಅದರ ಆಕಾರ ಸ್ವಲ್ಪ ಬದಲಾದರೂ ಯಾವ ಜೀನನ್ನು ಎಷ್ಟು ಓದಬೇಕೆಂಬ ಸಮತೋಲನ ಏರುಪೇರಾಗುತ್ತದೆ. 481ನೇ ಸ್ಥಾನದ ಮೇಲೆ ಹೇಳಿದ ಬದಲಾವಣೆಯನ್ನು ಬೇರೆ ತಳಿಗಳಲ್ಲಿ ಪರೀಕ್ಷಿಸಿದಾಗ ವ್ಯಾಂಕೋಮೈಸಿನ್ ಸಂವೇದನೆಯೂ ಕುಗ್ಗಿದ್ದು ಕಂಡುಬಂದಿದೆ. ಹಾಗಾದರೆ ವ್ಯಾಂಕೋಮೈಸಿನ್‌ಗೆ ನೆರವಾಗಲೆಂದು ಸೇರಿಸಿದ ಔಷಧವೇ ವ್ಯಾಂಕೋಮೈಸಿನ್‌ಗೆ ಮಣಿಯದಿರುವ ದಾರಿಯ ಒಂದು ಮೆಟ್ಟಿಲನ್ನು ಕಟ್ಟಿಕೊಟ್ಟಿರಬಹುದು. ಅಂದಿನ ವೈದ್ಯರಿಗೆ ಇದನ್ನು ಊಹಿಸಲು ಯಾವ ಆಧಾರವೂ ಇರಲಿಲ್ಲ.

ದಪ್ಪ ಗೋಡೆಯೇ ಗುರಾಣಿ

ಭಿತ್ತಿ ದಪ್ಪವಾದರೆ ವ್ಯಾಂಕೋಮೈಸಿನ್ ಏಕೆ ಸೋಲಬೇಕು? ಇಟ್ಟಿಗೆಯ ತುದಿ ಬದಲಾಗಿಲ್ಲವಲ್ಲ. ಉತ್ತರ ಆ ತುದಿಗಳ ಎಣಿಕೆಯಲ್ಲಿದೆ. ವ್ಯಾಂಕೋಮೈಸಿನ್ ಕೊಲ್ಲಬೇಕಾದರೆ ಕೋಶಪೊರೆಯ ಹೊರಮೈಯಲ್ಲಿ, ಕೋಶ ಇಬ್ಭಾಗವಾಗುವ ಗೆರೆಯ ಬಳಿ, ಆಗಷ್ಟೇ ಹೊರಬಂದ ಹೊಸ ಘಟಕಗಳನ್ನು ಹಿಡಿಯಬೇಕು. ಅಲ್ಲಿಗೆ ಹೋಗುವ ದಾರಿ ಇಡೀ ಭಿತ್ತಿಯ ಮೂಲಕವೇ ಸಾಗುತ್ತದೆ. ಆ ಭಿತ್ತಿಯಲ್ಲಿ ಪಕ್ಕದ ಸರಪಳಿಗೆ ಕಟ್ಟಿಕೊಳ್ಳದೆ ಉಳಿದ ಘಟಕಗಳ ತುದಿಯಲ್ಲೂ ಅದೇ ಎರಡು ಡಿ-ಅಲನಿನ್‌ಗಳಿರುತ್ತವೆ, ಔಷಧ ಅವುಗಳಿಗೂ ಅಷ್ಟೇ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಅಂಟಿಕೊಂಡ ಅಣು ಯಾರನ್ನೂ ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಹಾಗೆ ಸಿಕ್ಕಿಬಿದ್ದ ದೊಡ್ಡ ಅಣುಗಳು ಭಿತ್ತಿಯ ಸಂದುಗಳಲ್ಲಿ ತುಂಬಿಕೊಂಡು ಹಿಂದಿನಿಂದ ಬರುವ ಅಣುಗಳಿಗೂ ದಾರಿ ಕಟ್ಟುತ್ತವೆ. 1996ರಲ್ಲಿ ಜಪಾನಿನಲ್ಲಿ ಸಿಕ್ಕ ಮು50 ಎಂಬ ಮೊದಲ ವೀಸಾ ತಳಿಯ ಅಧ್ಯಯನದಿಂದ ಈ ವಿವರಣೆ ಬೆಳೆದುಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಸಾಮಾನ್ಯ ತಳಿಗಳ ಭಿತ್ತಿ ಸರಾಸರಿ 23 ನ್ಯಾನೋಮೀಟರ್ ಆಸುಪಾಸಿನಲ್ಲಿದ್ದರೆ ವೀಸಾ ತಳಿಗಳದು 31ರ ಆಸುಪಾಸಿನಲ್ಲಿತ್ತು.

ಇಲ್ಲಿ ಪ್ರೋಟೀನ್ ಕಡಿಮೆಯಾಗುವುದರಿಂದಲೂ ನಿರೋಧಕತೆ ಬರುತ್ತದೆ ಎಂಬುದು ಗಮನಿಸಬೇಕಾದ ಮಾತು. ಪಿಬಿಪಿ4 ಎಂಬ ಕಿಣ್ವ ಸ್ಟಾಫಿಲೋಕಾಕಸ್‌ನ ಭಿತ್ತಿಯ ಸರಪಳಿಗಳನ್ನು ಒಂದಕ್ಕೊಂದು ದಟ್ಟವಾಗಿ ಕಟ್ಟುತ್ತದೆ. ಪ್ರಯೋಗಾಲಯದಲ್ಲಿ ವ್ಯಾಂಕೋಮೈಸಿನ್ ಏರಿಸುತ್ತ ಬೆಳೆಸಿದ ತಳಿಗಳಲ್ಲಿ ಈ ಕಿಣ್ವ ನಿಷ್ಕ್ರಿಯವಾದದ್ದನ್ನು ಟೊಮಾಸ್ ಅವರ ಪ್ರಯೋಗಾಲಯವೇ 1999ರಲ್ಲಿ ತೋರಿಸಿತ್ತು. ಕಟ್ಟುವವನು ಇಲ್ಲದಾಗ ಕಟ್ಟಿಕೊಳ್ಳದ ತುದಿಗಳು ಹೆಚ್ಚುತ್ತವೆ, ತುದಿಗಳು ಹೆಚ್ಚಿದಷ್ಟೂ ಔಷಧವನ್ನು ಸೆಳೆದಿಟ್ಟುಕೊಳ್ಳುವ ಸುಳ್ಳು ಗುರಿಗಳೂ ಹೆಚ್ಚುತ್ತವೆ. ಭಿತ್ತಿಯ ಗುಣಮಟ್ಟ ಕುಸಿಯುತ್ತದೆ, ಅದರ ಉಪಯೋಗ ಹೆಚ್ಚುತ್ತದೆ.

ಇದಕ್ಕೆ ಬೆಲೆಯೂ ಇದೆ. ಭಿತ್ತಿಗೆ ಹೆಚ್ಚು ಸಾಮಗ್ರಿ ಸುರಿಯುವ ಕೋಶ ನಿಧಾನವಾಗಿ ಒಡೆಯುತ್ತದೆ. ವೀಸಾ ತಳಿಗಳ ವಸಾಹತುಗಳು ಅಗರ್ ತಟ್ಟೆಯ ಮೇಲೆ ಸಣ್ಣವಾಗಿ, ತಡವಾಗಿ ಕಾಣಿಸಿಕೊಳ್ಳುತ್ತವೆ, ಕೆಲವೊಮ್ಮೆ ದೊಡ್ಡವೂ ಚಿಕ್ಕವೂ ಬೆರೆತಿರುವುದರಿಂದ ತಟ್ಟೆ ಕಲಬೆರಕೆಯಾಗಿದೆಯೆಂದು ತಪ್ಪು ತಿಳಿಯುವುದೂ ಉಂಟು. ವ್ಯಾಂಕೋಮೈಸಿನ್ ಇಲ್ಲದ ಕಡೆ ಸ್ಪರ್ಧೆಗೆ ಬಿಟ್ಟರೆ ಇವು ಸಾಮಾನ್ಯ ಸಂಬಂಧಿಗಳ ಎದುರು ಹಿಂದೆ ಬೀಳುತ್ತವೆ.

ಬಳಸದ ಔಷಧದ ಸೋಲು

ಡ್ಯಾಪ್ಟೋಮೈಸಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ. ಅಂದರೆ ಈ ಬ್ಯಾಕ್ಟೀರಿಯಾ ತಾನು ಕಂಡೇ ಇರದ ಔಷಧವೊಂದಕ್ಕೆ, ಅದು ಮಾರುಕಟ್ಟೆಗೆ ಬರುವ ಮೂರು ವರ್ಷ ಮೊದಲೇ, ನೂರು ಪಟ್ಟು ಒಗ್ಗಿಕೊಂಡಿತ್ತು. ಡ್ಯಾಪ್ಟೋಮೈಸಿನ್ ಕ್ಯಾಲ್ಸಿಯಂ ಜೊತೆ ಸೇರಿ ಕೋಶಪೊರೆಯನ್ನು ಹೊಕ್ಕು ಅದನ್ನು ಕೆಡಿಸುವ ಔಷಧ. ಅದೂ ವ್ಯಾಂಕೋಮೈಸಿನ್‌ನಂತೆಯೇ ದೊಡ್ಡ ಅಣು, ಪೊರೆಯನ್ನು ತಲುಪಲು ಅದೂ ಅದೇ ದಪ್ಪ ಭಿತ್ತಿಯನ್ನು ದಾಟಬೇಕು. ವೀಸಾ ತಳಿಗಳನ್ನು ಸಾಲಾಗಿ ಪರೀಕ್ಷಿಸಿದ ನಂತರದ ಅಧ್ಯಯನಗಳಲ್ಲಿ ಭಿತ್ತಿಯ ದಪ್ಪ ಹೆಚ್ಚಿದಂತೆ ಡ್ಯಾಪ್ಟೋಮೈಸಿನ್ ಸಂವೇದನೆಯೂ ಇಳಿಯುವುದು ಕಂಡುಬಂದಿತು. ಗುರಿಯನ್ನು ಬದಲಿಸಿಕೊಂಡ ಪ್ರೋಟೀನ್ ಒಂದೇ ಔಷಧಕ್ಕೆ, ಹೆಚ್ಚೆಂದರೆ ಅದರ ಹತ್ತಿರದ ಸಂಬಂಧಿಗಳಿಗೆ ಬಾಗಿಲು ಮುಚ್ಚುತ್ತದೆ. ನಿಯಂತ್ರಕ ಪ್ರೋಟೀನ್ ಬದಲಾದರೆ ಯಾವ ಯಾವ ಬಾಗಿಲುಗಳು ಮುಚ್ಚುತ್ತವೆಯೆಂದು ಮೊದಲೇ ಹೇಳುವುದು ಕಷ್ಟ. ಕೆಲವೊಮ್ಮೆ ಒಂದು ಬಾಗಿಲು ತೆರೆಯುವುದೂ ಉಂಟು: ಹಲವು ತಳಿಗಳಲ್ಲಿ ವ್ಯಾಂಕೋಮೈಸಿನ್ ನಿರೋಧಕತೆ ಏರಿದಂತೆ ಪೆನಿಸಿಲಿನ್ ಕುಟುಂಬದ ಔಷಧಗಳಿಗೆ ಸಂವೇದನೆ ಮರಳಿರುವುದನ್ನು ಕಂಡಿದ್ದಾರೆ. ಪಿಬಿಪಿ2ಎ ಇದ್ದೂ ಅದರ ಜೊತೆಗಾರ ಕಿಣ್ವಗಳು ಸರಿಯಾಗಿಲ್ಲದಿದ್ದರೆ ಅದರ ರಕ್ಷಣೆ ಅಪೂರ್ಣ.

ಪ್ರೋಟೀನ್‌ಗಳನ್ನು ನೇರವಾಗಿ ಅಳೆಯುವುದರ ತೊಡಕು

ನಿರೋಧಕತೆ ಪ್ರಮಾಣದ ಆಟವೆಂದಾದರೆ ಜೀನೋಮ್ ಓದುವುದಕ್ಕಿಂತ ಪ್ರೋಟೀನ್‌ಗಳನ್ನೇ ಅಳೆಯಬೇಕೆಂಬುದು ಸಹಜವಾದ ತರ್ಕ. ಮಾಸ್ ಸ್ಪೆಕ್ಟ್ರೋಮೆಟ್ರಿ ಇಂದು ಸ್ಟಾಫಿಲೋಕಾಕಸ್‌ನ ಸುಮಾರು 2,600 ಜೀನ್‌ಗಳಲ್ಲಿ ದೊಡ್ಡ ಪಾಲಿನ ಪ್ರೋಟೀನ್‌ಗಳನ್ನು ಒಂದೇ ಪ್ರಯೋಗದಲ್ಲಿ ಎಣಿಸಬಲ್ಲದು. ಆದರೆ ಇಂತಹ ಹೋಲಿಕೆಯನ್ನು ಓದುವಾಗ ಒಂದು ಎಚ್ಚರ ಬೇಕು. ನಿಧಾನವಾಗಿ ಬೆಳೆಯುವ ಕೋಶದಲ್ಲಿ ರೈಬೋಸೋಮಿನ ಪ್ರೋಟೀನ್‌ಗಳು ಕಡಿಮೆಯಿರುತ್ತವೆ, ಶಕ್ತಿಯ ಬಳಕೆಗೆ ಸಂಬಂಧಿಸಿದ ಕಿಣ್ವಗಳ ಅನುಪಾತವೂ ಬೇರೆಯಾಗಿರುತ್ತದೆ. ಜೆಎಚ್1ರಂತಹ ಚುರುಕು ತಳಿಯನ್ನೂ ಜೆಎಚ್9ರಂತಹ ಮಂದ ತಳಿಯನ್ನೂ ಗಡಿಯಾರ ನೋಡಿ ಒಂದೇ ಗಂಟೆಗೆ ಕೊಯ್ದು ಹೋಲಿಸಿದರೆ ನೂರಾರು ಪ್ರೋಟೀನ್‌ಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಅದರಲ್ಲಿ ಹೆಚ್ಚಿನದು ಬೆಳವಣಿಗೆಯ ವೇಗದ ವ್ಯತ್ಯಾಸವೇ ಹೊರತು ನಿರೋಧಕತೆಯದ್ದಲ್ಲ. ಇಬ್ಬರನ್ನೂ ಬೆಳವಣಿಗೆಯ ಒಂದೇ ಹಂತದಲ್ಲಿ ಹಿಡಿಯಬೇಕು, ಔಷಧ ಇದ್ದಾಗ ಮತ್ತು ಇಲ್ಲದಾಗ ಎರಡೂ ಬಾರಿ ಅಳೆಯಬೇಕು. ಕಡೆಗೆ, ಅನುಮಾನ ಬಂದ ಬದಲಾವಣೆಯನ್ನು ಮೂಲ ತಳಿಗೆ ಒಂಟಿಯಾಗಿ ಸೇರಿಸಿ, ಅಥವಾ ನಿರೋಧಕ ತಳಿಯಿಂದ ತೆಗೆದುಹಾಕಿ, ಅಂಕಿ ಮತ್ತೆ ಇಳಿಯುತ್ತದೆಯೇ ಎಂದು ನೋಡಬೇಕು. ವ್ರಾ ಜೋಡಿಯನ್ನು ಕಿತ್ತುಹಾಕಿದ ತಳಿಗಳು ಭಿತ್ತಿಯ ಮೇಲೆ ಕೆಲಸಮಾಡುವ ಔಷಧಗಳಿಗೆ ಹೆಚ್ಚು ಸುಲಭವಾಗಿ ಬಲಿಯಾಗುವುದನ್ನು ಹೀಗೆಯೇ ಸ್ಥಾಪಿಸಲಾಗಿದೆ.

ಅಂಕಿಯ ಎದುರಿಗಿನ ಪದ

ಕೊನೆಗೆ ಪರೀಕ್ಷಾ ಕೊಠಡಿಯ ಮಾತು. ಕನಿಷ್ಠ ತಡೆ ಪ್ರಮಾಣವನ್ನು ನೋಡುವ ಮೂಲ ವಿಧಾನ ಬಹಳ ಸರಳ. ಸಾಲಾಗಿಟ್ಟ ಗುಳಿಗಳಲ್ಲಿ ಅರ್ಧ, 1, 2, 4, 8, 16 ಹೀಗೆ ಇಮ್ಮಡಿಯಾಗುತ್ತ ಹೋಗುವ ಔಷಧವಿದ್ದು, ಪ್ರತಿಯೊಂದರಲ್ಲಿಯೂ ಮಿಲಿಲೀಟರಿಗೆ ಸುಮಾರು ಐದು ಲಕ್ಷ ಬ್ಯಾಕ್ಟೀರಿಯಾ ಹಾಕಿ ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಮಾರನೆಯ ದಿನ ದ್ರವ ಕದಡಿದ್ದರೆ ಬ್ಯಾಕ್ಟೀರಿಯಾ ಬೆಳೆದಿದೆ, ತಿಳಿಯಾಗಿದ್ದರೆ ಬೆಳೆದಿಲ್ಲ. ತಿಳಿಯಾದ ಮೊದಲ ಗುಳಿಯ ಸಂಖ್ಯೆಯೇ ಉತ್ತರ. ವ್ಯಾಂಕೋಮೈಸಿನ್‌ನ ವಿಷಯದಲ್ಲಿ ಪೂರ್ತಿ 24 ಗಂಟೆ ಕಾಯಲೇಬೇಕು, ಏಕೆಂದರೆ ಮಂದವಾಗಿ ಬೆಳೆಯುವ ವೀಸಾ ತಳಿ ಹದಿನಾರನೆಯ ಗಂಟೆಗೆ ಗುಳಿಯ ತಳದಲ್ಲಿ ಕಂಡೂ ಕಾಣದಂತಹ ಚುಕ್ಕೆಯಾಗಿರಬಹುದು. ಅಗರ್ ಮೇಲೆ ಔಷಧದ ಬಿಲ್ಲೆ ಇಡುವ ಅಗ್ಗದ ವಿಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಈ ದೊಡ್ಡ ಅಣು ಅಗರ್‌ನಲ್ಲಿ ಸರಿಯಾಗಿ ಹರಡದ ಕಾರಣ ವೀಸಾ ತಳಿಗೂ ಸಾಮಾನ್ಯ ತಳಿಗೂ ಒಂದೇ ಗಾತ್ರದ ವೃತ್ತ ಮೂಡುತ್ತದೆ. ಇದಕ್ಕಿಂತ ಮೊದಲಿನ ಹಂತದಲ್ಲಿ ಲಕ್ಷ ಅಥವಾ ಹತ್ತು ಲಕ್ಷ ಕೋಶಗಳಿಗೆ ಒಂದು ಮಾತ್ರ ನಿರೋಧಕವಾಗಿರುವ ಮಿಶ್ರ ಸಮೂಹಗಳಿರುತ್ತವೆ, ಐದು ಲಕ್ಷದ ಗುಳಿಯಲ್ಲಿ ಅವು ಸಿಕ್ಕರೆ ಸಿಕ್ಕವು, ತಪ್ಪಿದರೆ ತಪ್ಪಿದವು.

ಗುಳಿಯ ಸಂಖ್ಯೆ ಸಿಕ್ಕ ಮೇಲೆ ಅದರ ಎದುರು ಒಂದು ಪದ ಬರೆಯಬೇಕು: ಸಂವೇದನಾಶೀಲ, ಮಧ್ಯಮ, ನಿರೋಧಕ. ಅಮೆರಿಕದ ಮಾನದಂಡದ ಪ್ರಕಾರ 2006ರವರೆಗೆ ವ್ಯಾಂಕೋಮೈಸಿನ್‌ನ ಪ್ರಮಾಣ 4 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸ್ಟಾಫಿಲೋಕಾಕಸ್ ಆರಿಯಸ್‌ನ ಎದುರು ಸಂವೇದನಾಶೀಲ ಎಂದೇ ಬರೆಯಲಾಗುತ್ತಿತ್ತು. ಆ ವರ್ಷ ಗೆರೆಯನ್ನು 2ಕ್ಕೆ ಇಳಿಸಲಾಯಿತು, 4ರಿಂದ 8ರವರೆಗಿನವು ಮಧ್ಯಮವಾದವು. 2000ನೇ ಇಸವಿಯಲ್ಲಿ ಜೆಎಚ್2ರ ಭಿತ್ತಿಯ ನಿಯಂತ್ರಣ ಆಗಲೇ ಬದಲಾಗಿತ್ತು, ಪ್ರಮಾಣ ನಾಲ್ಕು ಪಟ್ಟು ಏರಿತ್ತು, ರಿಫಾಂಪಿಸಿನ್ ಕೈಕೊಟ್ಟಾಗಿತ್ತು. ಅಂದಿನ ಪುಸ್ತಕ ತೆರೆದು ನೋಡಿದರೆ ಅದರ ಎದುರು ಬರೆಯಬೇಕಾಗಿದ್ದ ಪದ, ಸಂವೇದನಾಶೀಲ.